ಒಡ್ಡಿನಾಚೆಯ ಕೂಗು

ಗೆಳೆಯರೇ, ಇವತ್ತು ಎಳ್ಳಮಾವಾಸ್ಯೆ. ಗೊಳಸಂಗಿಯಲ್ಲಿ ಗೆಳೆಯ ಸಂಗಪ್ಪನ ಹೊಲಕ್ಕೆ ಊಟಕ್ಕೆ ಹೋಗಿದ್ದೆ. ಪೈರಿಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲುವ ಮೊದಲು ಅವನು ಆರು ವರ್ಷದ ಮಗಳು ನೀಲವ್ವನ ಕೈಗೆ ನೀರಿನ ತಂಬಿಗೆ ಕೊಟ್ಟ.

"ನಾ ಚರಗ ಚೆಲ್ಕೋತ 'ಹುಲ್ಲುಲ್ಲಿಗೋ' ಅಂತೇನಿ. ನೀ ಹಿಂದ ನೀರು ಹಾಕ್ಕೋತ 'ಚಲ್ಲಂಬರಿಗೋ' ಅನ್ನು. ಹಿಂದ ಬರಾವ್ರು ಓಗೊಡಲಿಲ್ಲಂದ್ರ ಭೂಮ್ತಾಯಿ ಉಣ್ಣಂಗಿಲ್ಲ ನೋಡವಾ."

ಅರ್ಧ ಹೊಲ ಮುಗಿದಿತ್ತು. ಒಡ್ಡಿನಾಚೆ, ತನ್ನ ಪಾಲಿನ ಹೊಲದಲ್ಲಿ, ಸಂಗಪ್ಪನ ಅಣ್ಣ ಮಲ್ಲಪ್ಪ ಒಬ್ಬನೇ ಚರಗ ಚೆಲ್ಲುತ್ತಿದ್ದ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಹೊಲ ಪಾಲಾದಾಗಿನಿಂದ ಅಣ್ಣ ತಮ್ಮಂದಿರಿಗೆ ಮಾತೂ ಇಲ್ಲ. "ಹುಲ್ಲುಲ್ಲಿಗೋ" ಎಂದು ಅವನು ಕೂಗಿದ. ಯಾರೂ ಓಗೊಡಲಿಲ್ಲ.

ನೀಲವ್ವ ಓಡಿಹೋಗಿ ಒಡ್ಡು ಹತ್ತಿದಳು. ಆಚೆಗೆ ನೀರು ಚೆಲ್ಲಿ, ಇದ್ದಷ್ಟು ದನಿ ತೆಗೆದು "ಚಲ್ಲಂಬರಿಗೋ" ಎಂದಳು.

"ಏ ಹುಡುಗಿ, ಅದು ನಮ್ಮ ಹೊಲ ಅಲ್ಲ, ಇಳಿ!" ಸಂಗಪ್ಪ ಗದರಿದ.

"ಭೂಮ್ತಾಯಿ ಉಣ್ಣಂಗಿಲ್ಲಂತ ನೀನ ಹೇಳಿದೆಲ್ಲಪ್ಪಾ? ದೊಡ್ಡಪ್ಪನ ಹಿಂದ ಯಾರದಾರ?"

ಮಲ್ಲಪ್ಪ ಒಡ್ಡಿನ ಹತ್ತಿರಕ್ಕೆ ಬಂದು ಮತ್ತೊಮ್ಮೆ ಕೂಗಿದ. ಅವಳು ಓಗೊಟ್ಟಳು.

ಅಣ್ಣ ತಮ್ಮಂದಿರು ಇನ್ನೂ ಮಾತಾಡಿಲ್ಲ. ಆದರೆ ಅಲ್ಲಿಂದ ಮುಂದೆ ಒಬ್ಬ ಕೂಗುವಾಗ ಇನ್ನೊಬ್ಬ ಸುಮ್ಮನೆ ಕಾಯುತ್ತಿದ್ದ. ಎರಡು ಹೊಲಕ್ಕೆ ಓಗೊಡುವವಳು ಒಬ್ಬಳೇ ತಾನೆ, ಅವಳಿಗೂ ಉಸಿರು ಬೇಕಲ್ಲ.