ಯಾರೂ ಇಲ್ಲದ ಊರಿನ ಅರ್ಜಿ

ಫರ್ಹತಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವಳ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದುಕೊಂಡಿದ್ದವಳು, ಒಂದೆರಡು ತಿಂಗಳ ಮಟ್ಟಿಗೆ ಇರಲಿ ಎಂದು ಯಾದಗಿರಿಯ ಸಣ್ಣದೊಂದು ಸೇವಾ ಸಂಸ್ಥೆ ಸೇರಿದಳು. ಆ ಒಂದೆರಡು ತಿಂಗಳು ಇನ್ನೂ ಮುಗಿದಿಲ್ಲ, ಹದಿನಾಲ್ಕು ವರ್ಷವಾಯಿತು. ಶಹಾಪುರದಿಂದ ಬೆಳಗಿನ ಬಸ್ಸು, ಭೀಮಾ ಸೇತುವೆ, ಆಫೀಸು, ಅರ್ಜಿ. ಸಂಜೆ ಮತ್ತೆ ಸೇತುವೆ, ಮತ್ತೆ ಶಹಾಪುರ. ಮುಂಬಯಿಯವರಿಗೆ, ದಿಲ್ಲಿಯವರಿಗೆ, ನಾಲಿಗೆ ಹೊರಳದ ಹೆಸರಿನ ದೇಶದವರಿಗೆಲ್ಲ ‘ನಮಗೆ ಅನುದಾನ ಕೊಡಿ’ ಎಂದು ಬರೆಯುವುದೇ ಅವಳ ಕೆಲಸ.

ಈ ಕೆಲಸಕ್ಕೊಂದು ಗುಟ್ಟಿದೆ. ಅನುದಾನ ಕೊಡುವವರಿಗೆ ನಡೆಯುತ್ತಿರುವ ಕೆಲಸ ರುಚಿಸುವುದಿಲ್ಲ, ಶುರುವಾಗುವ ಕೆಲಸ ಬೇಕು. ಹಾಗಾಗಿ ಹತ್ತಿಕುಣಿ ಎಂಬ ಹಳ್ಳಿಯ ಕೂಸಿನ ಖೋಲಿ ಕಾಗದದ ಮೇಲೆ ಐದು ಸಲ ‘ಮೊದಲ ಬಾರಿಗೆ’ ಶುರುವಾಗಿತ್ತು. ಮೊದಲ ಬಾರಿಗೆ ಶುರುವಾಗಬೇಕಾದರೆ ಅಲ್ಲಿ ಮೊದಲು ಏನೂ ಇರಬಾರದಲ್ಲ? ಫರ್ಹತ ಪ್ರತಿ ಸಲವೂ ಊರನ್ನು ಗುಡಿಸಿ ಬೋಳು ಮಾಡಿ ಬರೆಯುತ್ತಿದ್ದಳು. ಶಹಾಪುರದಲ್ಲಿ ಫ್ಯಾನು, ಮಿಕ್ಸರ್ ರಿಪೇರಿ ಮಾಡುವ ಅವಳ ಗಂಡ ವಹಾಬ, ಇವಳು ಬರೆದದ್ದನ್ನು ಓದಿದರೆ ನಮ್ಮ ಜಿಲ್ಲೆಯಲ್ಲಿ ಮನುಷ್ಯರೇ ಇಲ್ಲ ಅನಿಸುತ್ತದೆ ಎಂದು ಚೇಷ್ಟೆ ಮಾಡುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು. ಈಗೀಗ ನಗುವುದಕ್ಕೂ ಬೇಸರ.

ಕೂಸಿನ ಖೋಲಿ ಎಂದರೆ ಬಾಡಿಗೆಯ ಒಂದು ಕೋಣೆ. ತಾಯಂದಿರು ಹತ್ತಿ ಬಿಡಿಸಲು ಹೋದಾಗ ಇಪ್ಪತ್ತು ಕೂಸುಗಳು ಅಲ್ಲಿರುತ್ತವೆ. ನೋಡಿಕೊಳ್ಳುವವಳು ಅಯ್ಯಮ್ಮ, ಅರವತ್ತು ದಾಟಿದ ಹೆಂಗಸು. ಸಂಸ್ಥೆಯಿಂದ ಬಾಡಿಗೆ, ಹಾಲು, ಅಯ್ಯಮ್ಮನಿಗೆ ವರ್ಷಕ್ಕೆರಡು ಸೀರೆ. ಈ ಮಾರ್ಚಿಗೆ ಹಳೆಯ ಅನುದಾನ ಮುಗಿಯುತ್ತಿತ್ತು. ಹೊಸದು ಬರದಿದ್ದರೆ ಖೋಲಿಗೆ ಬೀಗ. ಸುರಪುರದ ಕಡೆಯ ಹೊಲಿಗೆ ಕೇಂದ್ರ ಹೋದ ವರ್ಷ ಹೀಗೆಯೇ ಮುಚ್ಚಿತ್ತು. ಕೀಲಿಕೈಯನ್ನು ಮನೆಯ ಮಾಲೀಕನ ಕೈಗಿಟ್ಟು ಬಂದವಳು ಫರ್ಹತಳೇ. ಇನ್ನೊಮ್ಮೆ ಆ ಕೆಲಸ ಮಾಡುವ ತ್ರಾಣ ಅವಳಲ್ಲಿರಲಿಲ್ಲ.

ಸಂಸ್ಥೆಯ ಕಾರ್ಯದರ್ಶಿ, ಶ್ರೀಮಂತ ಎಂಬಾತ, ಅವಳ ಫೋನಿನಲ್ಲಿ ಎಐ ಆ್ಯಪ್ ಹಾಕಿಕೊಟ್ಟ. “ಎಂಟು ದಿನದ ಕೆಲಸ ಅರ್ಧ ತಾಸಿನ್ಯಾಗ ಮುಗಿತದ ಮೇಡಂ. ನಿಮ್ಮ ಹಳೇ ಅರ್ಜಿ ತೋರಿಸ್ರಿ ಸಾಕು, ಅದೇ ಬರೀತದ” ಎಂದ. ಫರ್ಹತ ಹಳೆಯ ಐದೂ ಅರ್ಜಿಗಳನ್ನು ಅದಕ್ಕೆ ಕೊಟ್ಟಳು. ಚಹಾ ಆರುವಷ್ಟರಲ್ಲಿ ಹನ್ನೊಂದು ಪುಟದ ಅರ್ಜಿ ತಯಾರು. ಎಷ್ಟೋ ವರ್ಷಗಳ ಮೇಲೆ ಅವತ್ತು ಅವಳು ಬೆಳಕಿರುವಾಗಲೇ ಮನೆ ಸೇರಿದಳು. ಸಂತೋಷವಾಯಿತೇ ಎಂದರೆ ಅದೂ ಇಲ್ಲ. ಹದಿನಾಲ್ಕು ವರ್ಷ ತಾನು ಮಾಡಿದ್ದು ಇಷ್ಟೇನಾ ಎನಿಸಿತು.

ಸಂಸ್ಥೆಯಲ್ಲೊಂದು ಪದ್ಧತಿ. ಅರ್ಜಿಯನ್ನು ಊರಿನ ತಾಯಂದಿರ ಸಮಿತಿಗೆ ಓದಿ ಹೇಳಬೇಕು, ಅವರು ಠರಾವು ಪುಸ್ತಕದಲ್ಲಿ ಸಹಿ ಮಾಡಬೇಕು. ಇಂಗ್ಲಿಷಿನದನ್ನೆಲ್ಲ ಯಾರು ಓದುತ್ತಾರೆ? “ಬಾಡಗಿ, ಹಾಲು ಕೇಳೀನಿ, ಸಹಿ ಮಾಡ್ರಿ” ಎನ್ನುತ್ತಿದ್ದಳು, ಅವರು ಮಾಡುತ್ತಿದ್ದರು. ಈ ಸಲ ಹತ್ತಿಕುಣಿಯ ಖೋಲಿಗೆ ಬರುವಷ್ಟರಲ್ಲಿ ಬಸ್ಸಿನ ಧೂಳಿಗೆ ಅವಳ ಗಂಟಲು ಕಟ್ಟಿತ್ತು, ಎಲ್ಲರಿಗೂ ಕೇಳುವಷ್ಟು ದನಿ ಹೊರಡುತ್ತಿರಲಿಲ್ಲ. ಅರ್ಜಿ ಸಂಜೆ ಐದರೊಳಗೆ ಹೋಗಬೇಕಿತ್ತು. ಆ ಗಡಿಬಿಡಿಯಲ್ಲಿ ಅದರೊಳಗೆ ಏನಿದೆ ಎಂಬುದನ್ನೂ ಯೋಚಿಸದೆ, ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದು ಎಂದು ಎಐಗೆ ಹೇಳಿ ಫೋನನ್ನು ಹೆಂಗಸರ ನಡುವೆ ಇಟ್ಟಳು.

ಫೋನು ರೇಡಿಯೋದವರ ಸ್ವಚ್ಛ ಕನ್ನಡದಲ್ಲಿ ಓದತೊಡಗಿತು. “ಈ ಗ್ರಾಮದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ತಾಯಂದಿರಿಗೆ ಶಿಶುಪಾಲನೆಯ ಅರಿವಿಲ್ಲ. ಕೂಸುಗಳನ್ನು ಹೊಲದ ಬದುವಿನಲ್ಲಿ ಬಿಟ್ಟು ಹೋಗುತ್ತಾರೆ.”

ಅಯ್ಯಮ್ಮನ ತೊಡೆಯ ಮೇಲೊಂದು ಕೂಸಿತ್ತು. ಅದರ ತಲೆಗೆ ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು.

“ಯಾರೂ ಇಲ್ಲಂದ್ರ ನಾ ಯಾರವ್ವಾ?”

“ಅದು ಮಶೀನ ಬರದದ್ದು, ತಪ್ಪ ಬರದದ” ಎಂದಳು ಫರ್ಹತ.

ಸಮಿತಿಯ ಮಸ್ತಾನಬಿ ಸುಮ್ಮನಿರುವ ಪೈಕಿಯವಳಲ್ಲ. “ಮಶೀನಿಗಿ ಹತ್ತಿಕುಣಿ ಹ್ಯಾಂಗ ಗೊತ್ತಾತು? ಯಾರರ ಹೇಳಿರ್ಬೇಕಲ್ಲ?”

ಫರ್ಹತಳಿಗೆ ತಪ್ಪಿಸಿಕೊಳ್ಳಲು ದಾರಿಯೇ ಉಳಿಯಲಿಲ್ಲ. ಫೋನನ್ನು ಮಗುಚಿಟ್ಟು ಹೇಳಿದಳು. “ನಾನೇ ಹೇಳೀನಿ. ಮದ್ಲಿಂದನೂ ಹಂಗೇ ಬರಕೋತ ಬಂದೀನಿ.”

ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. ಬೈದಿದ್ದರೆ ಹಗುರಾಗುತ್ತಿತ್ತೇನೋ, ಯಾರೂ ಬೈಯಲಿಲ್ಲ. ಅಯ್ಯಮ್ಮ ಕೂಸಿನ ನೆತ್ತಿಗೆ ಮತ್ತೆ ಎಣ್ಣೆ ಹಚ್ಚತೊಡಗಿದಳು.

“ಹಂಗ ಬರದ್ರ ಹಾಲ ಬರ್ತದೇನು?”

“ಇಲ್ಲೀತನಕ ಬಂದದ.”

“ಹಂಗಾದ್ರ ಇರ್ಲಿ ಬಿಡು. ತಾ ಪುಸ್ತಕ.”

ಅವಳು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ನಿಗೆ ಕೈಚಾಚಿದಳು. ಆ ಸಹಿಯನ್ನು ಅವಳಿಗೆ ಕಲಿಸಿದ್ದೇ ಫರ್ಹತ. ‘ಯ’ಕ್ಕೆ ಒತ್ತು ಕೂಡಿಸಲು ಒಂದು ತಿಂಗಳು ಹಿಡಿದಿತ್ತು. ಯಾರೂ ಇಲ್ಲ ಎಂಬ ಮಾತಿನ ಕೆಳಗೆ ಅಯ್ಯಮ್ಮ ತನ್ನ ಹೆಸರು ಬರೆಯುವುದನ್ನು ಫರ್ಹತಳ ಕೈಲಿ ನೋಡಲಾಗಲಿಲ್ಲ. ಪುಸ್ತಕ ಹಿಂದಕ್ಕೆ ಎಳೆದುಕೊಂಡಳು.

ಇದು ಸುಳ್ಳು, ಇಲ್ಲಿ ಒಬ್ಬಳು ಇದ್ದಾಳೆ ಎಂದು ಎಐಗೆ ಬರೆದಳು. ಅದು ಕ್ಷಮೆ ಕೇಳಿ ನಾಲ್ಕು ಪ್ರಶ್ನೆ ಹಾಕಿತು: ಅವರ ಹೆಸರೇನು? ಎಷ್ಟು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ? ಈವರೆಗೆ ಎಷ್ಟು ಮಕ್ಕಳು? ಯಾವ ರೀತಿಯ ಆರೈಕೆ? ಯಾವ ಗುಮಾಸ್ತನಾದರೂ ಕೇಳುವ ಪ್ರಶ್ನೆಗಳೇ. ಫರ್ಹತಳಿಗೆ ಹೆಸರೊಂದನ್ನು ಬಿಟ್ಟು ಉಳಿದ ಯಾವುದಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಈ ಹೆಂಗಸಿನ ಕೈಯ ಚಹಾ ಕುಡಿದಿದ್ದಳು, ಒಂದು ಸಲವೂ ಕೇಳಿರಲಿಲ್ಲ.

ಕೇಳಿದಾಗ ಗೊತ್ತಾಯಿತು, ಸಂಸ್ಥೆ ಬರುವುದಕ್ಕೂ ಮೊದಲೇ ಆರು ವರ್ಷ ಅಯ್ಯಮ್ಮ ತನ್ನ ಪಡಸಾಲೆಯಲ್ಲಿ ಕೂಸುಗಳನ್ನು ಇಟ್ಟುಕೊಂಡಿದ್ದಳು. ಅಂದರೆ ಫರ್ಹತ ಬರೆದ ಮೊಟ್ಟಮೊದಲ ಅರ್ಜಿಯೂ ಸುಳ್ಳೇ. ಎಷ್ಟು ಮಕ್ಕಳೆಂದು ಅಯ್ಯಮ್ಮನಿಗೆ ತಿಳಿಯದು. ಹೆಂಗಸರು ಓಣಿ ಹಿಡಿದು ಮನೆಮನೆ ಲೆಕ್ಕ ಹಾಕಿದರು. ಒಂದು ಕೂಸನ್ನು ಎರಡು ಸಲ ಎಣಿಸಿದ್ದಕ್ಕೆ ಮಸ್ತಾನಬಿ ಜಗಳಕ್ಕೇ ಬಿದ್ದಳು. ಕೊನೆಗೆ ನೂರಾ ಹನ್ನೆರಡಕ್ಕೆ ನಿಂತಿತು.

“ಆರೈಕಿ ಅಂದ್ರ ಏನ್ ಹೇಳ್ಲಿ?” ಎಂದಳು ಅಯ್ಯಮ್ಮ. “ಹೊಸ ಕೂಸ ಬಂತಂದ್ರ ಅವ್ವನ ಉಟ್ಟ ಸೀರಿ ಕೇಳತೀನಿ, ಒಗೀಲಾರದ್ದು. ಅದ್ರ ಮ್ಯಾಲ ಹಾಕಿದ್ರ ಅವ್ವನ ವಾಸನಿಗಿ ಅಳಲಾರದ ಮಲಗ್ತಾವ. ಅಷ್ಟೇ.”

ಫರ್ಹತ ಅದನ್ನೂ ಹಾಗೆಯೇ ಬರೆಸಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ, ಅಯ್ಯಮ್ಮ ಇದ್ದಾಳೆ ಎಂಬ ಅರ್ಜಿ ಅಯ್ಯಮ್ಮನ ಸಹಿಯೊಂದಿಗೆ ಹೋಯಿತು.

ಎರಡು ತಿಂಗಳಿಗೆ ಉತ್ತರ ಬಂತು. ಗ್ರಾಮದಲ್ಲಿ ಈಗಾಗಲೇ ಉತ್ತಮ ವ್ಯವಸ್ಥೆ ಇರುವುದು ಸಂತೋಷ, ನಮ್ಮ ಆದ್ಯತೆ ವ್ಯವಸ್ಥೆಯೇ ಇಲ್ಲದ ಗ್ರಾಮಗಳಿಗೆ ಎಂದಿತ್ತು. ಶ್ರೀಮಂತ ಓದಿ, “ಹಳೇದೇ ಕಳಿಸಿದ್ರ ಆಗ್ತಿತ್ತಲ್ಲ ಮೇಡಂ” ಎಂದಷ್ಟೇ ಹೇಳಿದ. ಹೌದು, ಆಗುತ್ತಿತ್ತು. ಫರ್ಹತಳಿಗೂ ಅದು ಗೊತ್ತಿತ್ತು, ಅದೇ ಅವಳನ್ನು ದಾರಿಯುದ್ದಕ್ಕೂ ತಿನ್ನುತ್ತಿತ್ತು.

ಹತ್ತಿಕುಣಿಗೆ ಬಂದು, ತಿಂಗಳ ಕೊನೆಗೆ ಖೋಲಿ ಖಾಲಿ ಮಾಡಬೇಕೆಂದು ಹೇಳಿದಳು. ಅಯ್ಯಮ್ಮ ಗೋಡೆಯ ಗೂಟಕ್ಕೆ ನೇತುಹಾಕಿದ್ದ ತಾಯಂದಿರ ಸೀರೆಗಳನ್ನು ಒಂದೊಂದಾಗಿ ತೆಗೆದು ಮಡಚತೊಡಗಿದಳು.

“ಎಲ್ಲಿಗಿ ಒಯ್ತಿ?” ಎಂದಳು ಫರ್ಹತ.

“ನಮ್ಮ ಪಡಸಾಲಿಗಿ.”

“ಹಾಲು?”

“ಮನಿಗೊಂದ ಬಟ್ಲ ತರತಾರ. ಮದ್ಲ ಹಂಗೇ ಇತ್ತಲ್ಲ.”

“ಇನ್ನ ಸಾಕ ಮಾಡು ಅಯ್ಯಮ್ಮ. ನಿನಗೂ ವಯಸ್ಸಾತು. ನಮ್ಮ ಕಡಿಂದ ಸೀರಿನೂ ಬರೂದಿಲ್ಲ ಈಗ.”

ಅಯ್ಯಮ್ಮ ಇದೆಂಥ ಮಾತು ಎನ್ನುವಂತೆ ಅವಳನ್ನು ನೋಡಿದಳು. “ನಾ ಅದೀನಂತ ನೀನೇ ಬರದಿ. ಅದರ ಕೆಳಗ ನಾ ಸಹಿ ಮಾಡೀನಿ. ಈಗ ಇಲ್ಲ ಅನ್ನಾಕ ಬರ್ತದೇನು?”

ಫರ್ಹತಳ ಕಣ್ಣು ತುಂಬಿಬಂತು. ಅಯ್ಯಮ್ಮ ಮಡಚಿದ ಸೀರೆಗಳನ್ನು ಒಂದು ಕಡೆ ಸರಿಸಿ, ಗೋಡೆಗೆ ಒರಗಿಕೊಳ್ಳಲು ಅವಳಿಗೆ ಜಾಗ ಮಾಡಿದಳು. “ಕುಂದ್ರು. ಭಾಳ ದಣದಿ” ಎಂದಳು. ಹದಿನಾಲ್ಕು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಫರ್ಹತ ಕೂತಳು, ಮತ್ತು ಯಾದಗಿರಿಯ ಬಸ್ಸು ಹಾರ್ನ್ ಹಾಕಿದರೂ ಏಳಲಿಲ್ಲ.