ಖಾಲಿ ಬಂದ ಡಬ್ಬಿ

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ವಾಷರ್ ಹುಡುಕಲು ಹಳೆಯ ಟೂಲ್ ಬಾಕ್ಸ್ ತೆರೆದರೆ ತಳದಲ್ಲಿ ಆ ಕ್ಯಾಸೆಟ್. ಮೂಸಿದೆ, ಮಿಡಿ ಉಪ್ಪಿನಕಾಯಿಯ ವಾಸನೆ ಇನ್ನೂ ಇದೆ. ಮೂವತ್ತು ವರ್ಷವಾದ ಮೇಲೂ ವಾಸನೆ ಉಳಿದಿರಲಿಕ್ಕಿಲ್ಲ ಎನ್ನುತ್ತೀರಿ. ನೀವು ಅದನ್ನು ಬಚ್ಚಿಟ್ಟವರಲ್ಲ, ಬಿಡಿ.

ಸಂಶಯ ನನ್ನ ಹುಟ್ಟುಗುಣ. ಹೊಸನಗರದ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಹತ್ತುವ ಮೊದಲು ಬೋರ್ಡನ್ನು ಎರಡು ಸಲ ಓದುತ್ತೇನೆ. ಜೋಗದಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಕ್ವಾರ್ಟರ್ಸಿನಲ್ಲಿ ಶ್ರೀಪತಿ ಎಂಬ ಒಂಟಿ ಸಹೋದ್ಯೋಗಿ ಇದ್ದ. ಜಲಪಾತ ನೋಡಲು ಬಂದ ಫ್ರಾನ್ಸಿನವನೊಬ್ಬ ಕೊಟ್ಟುಹೋದ ಕ್ಯಾಸೆಟ್ಟನ್ನು ದಿನವೂ ಹಾಕುತ್ತಿದ್ದ. ಹೆಂಗಸಿನ ದನಿ. ಹಾಡೋ, ಕಿವಿಯ ಹತ್ತಿರ ಬಂದು ಆಡುವ ಮಾತೋ ತಿಳಿಯದು.

“ಏನಂತ ಗೊತ್ತಾಗ್ದಿದ್ರೂ ಕೇಳ್ಬೇಕು ಅನ್ಸುತ್ತೆ ಕಣ್ರೀ” ಎಂದಳು ನನ್ನ ಹೆಂಡತಿ ಶಾರದೆ. ನನಗೆ ಅಷ್ಟೇ ಸಾಕಾಯಿತು.

ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ಶಾರದೆ ಕಳಿಸಿದ್ದ ಉಪ್ಪಿನಕಾಯಿ ಡಬ್ಬಿಯನ್ನು ಶ್ರೀಪತಿ ನನ್ನ ಕೈಗಿತ್ತು, “ಮನೆಯೋರಿಗೆ ಕೊಡಿ” ಎಂದ. ಹೊಸಿಲು ದಾಟುವ ಮೊದಲೇ ಮುಚ್ಚಳ ತೆಗೆದೆ. ಒಳಗೆ ಅದೇ ಕ್ಯಾಸೆಟ್. ಜೇಬಿಗೆ ಹಾಕಿಕೊಂಡು ಬರೀ ಡಬ್ಬಿಯನ್ನು ಒಳಗಿಟ್ಟೆ.

“ಖಾಲಿ ಕಳ್ಸಿದ್ರಾ?” ಎಂದಳು ಶಾರದೆ. ಆಮೇಲೆ ಅವನಿಗೆ ಏನನ್ನೂ ಕಳಿಸಲಿಲ್ಲ. ಎದುರಾದರೆ ಮಾತೂ ಇಲ್ಲ. ಅವನು ಕಾರಣ ತಿಳಿಯದೆ ಕೆಲವು ದಿನ ಪೆಚ್ಚಾಗಿ ಓಡಾಡಿದ, ನಂತರ ವರ್ಗ ಮಾಡಿಸಿಕೊಂಡು ಹೋದ. ನನಗೆ ಸಮಾಧಾನವೇ ಆಗಿತ್ತು, ಸುಳ್ಳೇಕೆ.

ಇವತ್ತು ಕ್ಯಾಸೆಟ್ಟಿನ ಮೇಲಿದ್ದ ಹಾಡುಗಾರ್ತಿಯ ಹೆಸರನ್ನು ಫೋನಿನಲ್ಲಿ ಹುಡುಕಿ ಹಾಡನ್ನು ಹಾಕಿದೆ. ಸಿಕ್ಕಿದಳು, ಪಾಪ, ಅವಳ ದೇಶದಲ್ಲೂ ಕೇಳುವವರು ಬೆರಳೆಣಿಕೆಯಷ್ಟು. ಹಾಡಿನ ಅರ್ಥವನ್ನೂ ಫೋನೇ ಹೇಳಿತು: ನಲ್ಲಿ ಸೋರುತ್ತಿದೆ, ನಾಳೆ ಸರಿಮಾಡುತ್ತೇನೆ ಎಂದ ಗಂಡ ಮಲಗಿದ್ದಾನೆ. ಇದಕ್ಕೋಸ್ಕರ ಒಬ್ಬ ಒಳ್ಳೆಯ ಮನುಷ್ಯನನ್ನು ರೀತಿನೀತಿ ತಿಳಿಯದವನನ್ನಾಗಿ ಮಾಡಿದೆನಲ್ಲ ಎಂದು ತುಂಬ ನಾಚಿಕೆಯಾಯಿತು.

ಫೋನಿನಲ್ಲಿ ಆ ದನಿ ಕೇಳಿ ಶಾರದೆ ಕೋಣೆಯಿಂದ ಹೊರಗೆ ಬಂದಳು. “ಶ್ರೀಪತಿಯೋರ ಮನೇಲಿ ಬರ್ತಿದ್ದ ಹಾಡಲ್ವಾ ಇದು?”

ಕ್ಯಾಸೆಟ್ಟನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಹಾಡು ಮುಗಿಯುವವರೆಗೂ ನಿಂತು ಕೇಳಿದಳು. ಆಮೇಲೆ ಅದೇ ಹಳೇ ಡಬ್ಬಿಗೆ ಉಪ್ಪಿನಕಾಯಿ ತುಂಬಿ ನನ್ನ ಮುಂದಿಟ್ಟಳು.

“ತೀರ್ಥಹಳ್ಳೀಲಿ ಇದಾರಂತೆ. ನೀವೇ ಹೋಗಿ ಕೊಡಿ. ಇಷ್ಟು ದಿನ ಯಾಕೆ ಕೊಡ್ಲಿಲ್ಲ ಅಂತಾನೂ ನೀವೇ ಹೇಳಿ.”

ಈಗ ಸಾಗರದ ಬಸ್ ನಿಲ್ದಾಣದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಏನೆಂದು ಶುರುಮಾಡಬೇಕೋ ತಿಳಿಯುತ್ತಿಲ್ಲ. ಹೊರಡುವಾಗ ಶಾರದೆ ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದ್ದಳು.

“ವಾಪಸ್ ಬರ್ತಾ ಮುಚ್ಚಳ ತೆಗೀಬೇಡಿ.”