ಪಂಕಜಮ್ಮ ನಕ್ಕದ್ದು

ಮುಂಬಯಿಯ ದಾದರಿನ ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ಮುಗಿದರೂ ಪಂಕಜಮ್ಮನವರ ವಾದ ಮುಗಿಯುವುದಿಲ್ಲ. ಎದುರಾಳಿ ಕುರ್ಲಾದಲ್ಲಿ ಲೋಕಲ್ ರೈಲು ಇಳಿದರೆ, ಘಾಟ್ಕೋಪರಿನವರೆಗೂ ಪಕ್ಕದಲ್ಲಿ ನಿಂತವರನ್ನು ಸೋಲಿಸುತ್ತಾರೆ. ಮೊನ್ನೆ ನೋಡಿದ್ದು ಗುಲಾಮರ ಕತೆ. ಯಜಮಾನ ಗುಲಾಮನ ಬಣ್ಣ ಎತ್ತಿ ಹೀಯಾಳಿಸಿದಾಗ ಪಂಕಜಮ್ಮನವರೊಬ್ಬರನ್ನು ಬಿಟ್ಟು ಎಲ್ಲರೂ ಗೊಳ್ಳೆಂದರು. ಸಿನಿಮಾ ಮುಗಿದದ್ದೇ ಅವರು ನಕ್ಕವರನ್ನೆಲ್ಲ ತರಾಟೆಗೆ ತೆಗೆದುಕೊಂಡರು. "ತಮಾಷೆಗೆ ನಗಬಾರದೇನ್ರೀ?" ಎಂದರು ಕಾರ್ಯದರ್ಶಿ ಶಾಮಣ್ಣ. "ಗುಲಾಮ ಯಜಮಾನನ್ನ ಅಣಕಿಸಿದಾಗ ನಾನೂ ನಕ್ಕೆ. ಬೈಗುಳಕ್ಕೆ ಹ್ಯಾಗ್ರೀ ನಗಲಿ?" ಎಂದರು ಪಂಕಜಮ್ಮ. "ಆಫೀಸಲ್ಲಿ ಸಾಹೇಬ್ರು ನನ್ನ 'ಏ ಕಾಲೀ', ಅಂದ್ರೆ ಏ ಕರಿಯವಳೇ, ಅಂತಿದ್ರು, ಎಲ್ಲರೂ ನಗ್ತಿದ್ರು. ಒಂದಿನ ನಾನು ತಿರುಗಲೇ ಇಲ್ಲ. ಹೆಸರು ಹಿಡಿದು ಕರೆಯೋವರೆಗೂ ತಿರುಗಲಿಲ್ಲ. ಈಗ ಪಂಕಜಾಜೀ ಅಂತಾರೆ!" ಶಾಮಣ್ಣ ವಿಡಿಯೋ ಕ್ಯಾಸೆಟ್ಟು ಹಿಂದಕ್ಕೋಡಿಸಿ, ಗುಲಾಮ ಯಜಮಾನನನ್ನು ಅಣಕಿಸುವ ದೃಶ್ಯವನ್ನೇ ಮತ್ತೆ ಹಾಕಿದರು. ಈ ಸಲ ಎಲ್ಲರೂ ಗುಲಾಮನ ಪಕ್ಷ ವಹಿಸಿ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕವರು ಪಂಕಜಮ್ಮ.